ಏನೂ ಹಾಕದ ಮಡಿ

ಯಶೋಧರಾ ಮುಟ್ಟಿದ ಕೂಡಲೇ ಎಲೆ ಪುಡಿಪುಡಿಯಾಯಿತು. ಮೂರನೇ ಮಡಿಯ ಮೆಕ್ಕೆಜೋಳವೆಲ್ಲ ಹೀಗೇ ಸುಟ್ಟುಹೋಗಿತ್ತು.

"ಮೊನ್ನೆ ಪಕ್ಕದ ಹೊಲದ ಚೌಡಣ್ಣ ಕಳೆ ಔಷಧಿ ಹೊಡದಾನ್ರಿ ಮೇಡಂ. ಬೇಕಂತಲೇ ಮಾಡ್ಯಾನ," ಎಂದು ಕೂಗಿದ ಅವಳ ಅಪ್ಪ ಸುಂಕಪ್ಪ.

ಅಮೃತಾ ಮೇಡಂ ಕೃಷಿ ಸಂಶೋಧನೆ ಮಾಡುವವರು. ಜೂನ್‌ನಲ್ಲಿ ಚಿಗಟೇರಿಗೆ ಬಂದು ಈ ಹೊಲದಲ್ಲಿ ಮೂರು ಮಡಿ ಅಳೆದಿದ್ದರು. ಒಂದಕ್ಕೆ ಜಿಂಕ್ ಗೊಬ್ಬರ. ಇನ್ನೊಂದಕ್ಕೆ ಜಿಂಕ್ ಜೊತೆ ಮಣ್ಣಿಗೆ ಕಸುವು ಕೊಡುವ ಹ್ಯೂಮಿಕ್ ಆಸಿಡ್. ಮೂರನೆಯದಕ್ಕೆ ಎರಡೂ ಇಲ್ಲ. ಯಾವ ಮಡಿಯಲ್ಲಿ ಹೆಚ್ಚು ಬೆಳೆ ಬರುತ್ತದೆಂದು ನೋಡಿ ಸುತ್ತಲಿನ ರೈತರಿಗೆ ಹೇಳುವುದಿತ್ತು.

ಅಪ್ಪ ಕೂಗಿದ್ದು ಕೇಳಿ ಚೌಡಣ್ಣ ಬದು ದಾಟಿ ಬಂದ.

"ನಾನು ಹೊಡದಿದ್ದು ಆ ತುದಿಗೆ, ಸುಂಕಪ್ಪ. ನಿನ್ನ ಬೆಳಿ ಸುಟ್ಟು ನನಗೇನು ಸಿಗತೈತಿ?"

"ಮೇಡಂ ನಮ್ಮ ಹೊಲಕ್ಕ ಬರೋದು ನಿನಗ ತಡಕಳ್ಳಾಕ ಆಗಲಿಲ್ಲ."

ಚೌಡಣ್ಣನ ಮುಖ ಕಪ್ಪಿಟ್ಟಿತು. "ಇಷ್ಟು ವರ್ಷ ಒಂದೇ ಬಾವಿ ನೀರು ಕುಡದೀವಿ. ಇವತ್ತು ಇಂಥಾ ಮಾತು ಅಂತೀಯಲ್ಲ," ಎಂದು ಹೊರಟ.

ಯಶೋಧರಾ ಅಪ್ಪನ ತೋಳು ಹಿಡಿದಳು.

"ಅಪ್ಪಾ, ಚೌಡಣ್ಣ ದೊಡ್ಡಪ್ಪ ಅಲ್ಲ. ನಾನು."

ಅಪ್ಪ, ಮೇಡಂ ಇಬ್ಬರೂ ಅವಳತ್ತ ತಿರುಗಿದರು.

"ಇದರ ಎಲಿ ಬೆಳ್ಳಗಾಗಿದ್ವು. ಗಿಡಾನೂ ಗಿಡ್ಡ. ಇವಕ್ಕಷ್ಟೇ ಊಟ ಇಲ್ಲಲ್ಲ ಅನ್ನಿಸ್ತು. ಚೀಲದಾಗ ಉಳದಿದ್ದ ಜಿಂಕ್ ಪುಡಿ ನೀರಿಗೆ ಕಲಸಿ ಎಲಿ ಮ್ಯಾಲೆ ಹಾಕಿದೆ."

"ಎಷ್ಟು ಪುಡಿ?" ಮೇಡಂ ಕೇಳಿದರು.

"ಇದ್ದಷ್ಟೂ."

"ಅಷ್ಟು ಗಟ್ಟಿಯಾದ್ರೆ ಎಲೆ ಸುಡುತ್ತೆ, ಪುಟ್ಟಿ."

"ಇನ್ನೆರಡು ಮಡಿ ಚಲೋ ಅದಾವಲ್ರಿ, ಅವನ್ನ ತೂಗ್ರಿ," ಅಪ್ಪನ ದನಿ ಸಣ್ಣದಾಯಿತು.

"ಯಾವುದರ ಜೊತೆ ಹೋಲಿಸಲಿ, ಸುಂಕಪ್ಪನವರೇ? ಬೆಳೆ ಗೊಬ್ಬರದಿಂದ ಬಂತೋ, ಮಣ್ಣಿನಿಂದಲೇ ಬಂತೋ ಅಂತ ತೋರಿಸಬೇಕಿದ್ದದ್ದು ಈ ಮಡಿ."

ಮೇಡಂ ನೋಟ್‌ಬುಕ್ ತೆರೆದು ಆರು ವಾರ ಬರೆದ ಅಂಕಿಗಳ ಮೇಲೆ ಗೆರೆ ಎಳೆದರು. ಬಯ್ಯಲಿಲ್ಲ. ಅವಳ ಭುಜ ಮುಟ್ಟಿ, ಗಾಡಿ ಸ್ಟಾರ್ಟ್ ಮಾಡಿಕೊಂಡು ಹೋದರು.

"ಚೌಡಣ್ಣಾ," ಅಪ್ಪ ಕರೆದ. "ತಪ್ಪಾತಪಾ."

ಚೌಡಣ್ಣ ಆಗಲೇ ತನ್ನ ಹೊಲದ ಆ ತುದಿ ತಲುಪಿದ್ದ; ನಡೆಯುತ್ತಲೇ ಇದ್ದ. ತಿರುಗಿ ನೋಡಲಿಲ್ಲ. ಅಪ್ಪ ಬದುವಿನ ಮೇಲೆ ಕುಳಿತುಬಿಟ್ಟ.

ಯಶೋಧರಾ ಮಡಿಗಳ ನಡುವೆ ನಿಂತಿದ್ದಳು. ಎರಡು ಮಡಿ ಅವಳ ತಲೆಗಿಂತ ಎತ್ತರಕ್ಕೆ, ಕಡುಹಸುರಾಗಿ ಬೆಳೆದಿದ್ದವು. ಅವು ಯಾಕೆ ಹಾಗೆ ಬೆಳೆದವೆಂದು ಹೇಳಬೇಕಿದ್ದ ಗಿಡಗಳು ಅವಳ ಮೊಣಕಾಲಿನ ಹತ್ತಿರ, ಸುಟ್ಟು, ಗಾಳಿಗೆ ಸದ್ದು ಮಾಡುತ್ತಿದ್ದವು.