ರಸ್ತೆ ನಡುವಿನ ಕಲ್ಲು

"ಇಳಿ ಕೆಳಗೆ. ಜಾಕಿ ಹಾಕೋವಾಗ ಗಾಡಿ ಒಳಗೆ ಯಾರೂ ಇರಬಾರ್ದು."

"ಅಪ್ಪಾ, ನಾನೇನು ಆನೆ ಮರೀನಾ? ಕೂತಿರ್ತೀನಿ ಬಿಡು!"

"ಇಲಿ ಮರಿ ಆದ್ರೂ ಇಳೀಬೇಕು. ಇಳಿ ಇಳಿ."

ಹರ್ಷಿತ ಮುಖ ಊದಿಸಿಕೊಂಡು ಲಾರಿಯಿಂದ ಕೆಳಗೆ ಹಾರಿದಳು. ಅವಳು ಹಾಕಿಕೊಂಡಿದ್ದು ಸ್ಕೂಲಿನ ಕೆಂಪು ಖೋ-ಖೋ ಟೀ ಶರ್ಟು. ರಾತ್ರಿಯೇ ಇಸ್ತ್ರಿ ಮಾಡಿಟ್ಟಿದ್ದು. ಇವತ್ತು ದೇವನಹಳ್ಳಿ ಮೈದಾನದಲ್ಲಿ ತಾಲ್ಲೂಕು ಟೀಮಿಗೆ ಸೆಲೆಕ್ಷನ್. ಇವತ್ತೇ ಟೈರು ಪಂಕ್ಚರ್! ಅದೂ ಬೂದಿಗೆರೆ ದಾಟಿದ ಮೇಲೆ, ಹಿಂದೆ ಮುಂದೆ ಒಂದು ಅಂಗಡಿಯೂ ಇಲ್ಲದ ಕಡೆ. ಆ ಟೈರಿಗೆ ಸ್ವಲ್ಪವಾದರೂ ಬುದ್ಧಿ ಬೇಡವೇ?

"ಹೆಸರು ಕರೆದಾಗ ಇಲ್ಲದವರು ಆಮೇಲೆ ಬಂದು ಅಳಬಾರದು" ಎಂದು ಪಿ.ಟಿ. ಸರ್ ಮೊದಲೇ ಹೇಳಿದ್ದರು. ಅವರು ಹೇಳಿದರೆ ಮುಗಿಯಿತು.

ಅಪ್ಪ ಮನೋಹರನಿಗೆ ಮಾತ್ರ ಅವಸರವೇ ಇದ್ದಂತಿರಲಿಲ್ಲ. ಲಾರಿ ತುಂಬ ಸಿಮೆಂಟಿನ ಸಾಲಿಡ್ ಬ್ಲಾಕ್ ಲೋಡು. ಕ್ಲೀನರ್ ಬೈಲಪ್ಪ ತಂಗಿ ಮದುವೆಗೆಂದು ಊರಿಗೆ ಹೋಗಿದ್ದ. ಅಪ್ಪ ಒಬ್ಬನೇ ಹೋಗಿ ಹೊಂಗೆ ಕೊಂಬೆ ಮುರಿದು ತಂದು, ಹಿಂದಿನಿಂದ ಬರುವ ಗಾಡಿಗಳಿಗೆ ಕಾಣಲೆಂದು ದೂರದಲ್ಲಿ ಇಟ್ಟ. ಆಮೇಲೆ ಎರಡು ದಪ್ಪ ಕಲ್ಲು ಹುಡುಕಿ ತಂದು ಮುಂದಿನ ಎರಡು ಚಕ್ರಗಳ ಮುಂದೆ ಒತ್ತಿ ಇಟ್ಟ.

"ಹ್ಯಾಂಡ್ ಬ್ರೇಕ್ ಹಾಕಿದ್ದೀಯಲ್ಲಪ್ಪ, ಮತ್ತೆ ಕಲ್ಲು ಬೇರೆ ಯಾಕೆ?"

"ಹ್ಯಾಂಡ್ ಬ್ರೇಕ್ ಹಿಡಿಯೋದು ಹಿಂದಿನ ಚಕ್ರನ. ಅದನ್ನೇ ಜಾಕೀಲಿ ಎತ್ತಿಬಿಟ್ರೆ? ಇಲ್ಲಿ ಇಳಿಜಾರು ಬೇರೆ ಇದೆ."

ಅಪ್ಪ ಚಕ್ರ ನೆಲದ ಮೇಲೆ ಇರುವಾಗಲೇ ನಟ್ಟುಗಳನ್ನು ಸ್ವಲ್ಪ ಸ್ವಲ್ಪ ಸಡಿಲ ಮಾಡಿದ. ಮಳೆ ಬಿದ್ದ ಮಣ್ಣಲ್ಲಿ ಜಾಕಿ ಹೂತುಹೋಗಬಾರದೆಂದು ಅದರ ಅಡಿಗೆ ದಪ್ಪ ಹಲಗೆ ಹಾಕಿದ. ಆ ಹಲಗೆಯನ್ನೂ ಅತ್ತ ಇತ್ತ ಸರಿಸಿ ಸರಿಸಿ ನೋಡಿದ. ಅಯ್ಯೋ ದೇವರೇ, ಹಲಗೆಗೂ ಇಷ್ಟೊಂದು ಉಪಚಾರವೇ ಎಂದು ಅವಳಿಗೆ ಅಳು ಬರುವಂತಾಯಿತು.

"ದೂರ ನಿಂತ್ಕೋ. ಇನ್ನೂ ದೂರ."

ಅಪ್ಪ ಜಾಕಿ ಒತ್ತುತ್ತಾ ಹೋದ. ಲಾರಿಯ ಹಿಂಭಾಗ ಮೆಲ್ಲಗೆ ಮೇಲೆದ್ದಿತು. ಪಂಕ್ಚರ್ ಆದ ಚಕ್ರ ನೆಲ ಬಿಟ್ಟ ಕೂಡಲೇ ಇಡೀ ಲಾರಿ ಕಿರ್ರ್ ಎಂದು ಮುಂದಕ್ಕೆ ಅಲುಗಿತು. ಅಪ್ಪ ಅಲ್ಲೇ ಕೂತಿದ್ದ!

ಲಾರಿ ಮುಂದೆ ಹೋಗಲಿಲ್ಲ. ಮುಂದಿನ ಚಕ್ರಗಳು ಕಲ್ಲಿಗೆ ಒತ್ತಿಕೊಂಡು ನಿಂತಿದ್ದವು.

"ಏನಾಗಲ್ಲ ಕಣಮ್ಮ. ಕಲ್ಲು ಹಿಡ್ಕೊಂಡಿದೆ" ಎಂದ ಅಪ್ಪ. ಆದರೂ ಒಂದು ಗಳಿಗೆ ಕೈ ನಿಲ್ಲಿಸಿ, ಎಲ್ಲವನ್ನೂ ಇನ್ನೊಮ್ಮೆ ನೋಡಿ, ಆಮೇಲೆ ಚಕ್ರ ಬಿಚ್ಚಿದ.

ಸ್ಟೆಪ್ನಿ ಹಾಕಿದ್ದಾಯಿತು, ಜಾಕಿ ಇಳಿಸಿದ್ದಾಯಿತು, ನಟ್ಟು ಬಿಗಿ ಮಾಡಿದ್ದಾಯಿತು. ಅಪ್ಪ ಲಾರಿಯನ್ನು ಒಂಚೂರು ಹಿಂದಕ್ಕೆ ತೆಗೆದು, ಇಳಿದು ಬಂದು, ಹೊಂಗೆ ಕೊಂಬೆಯನ್ನು ರಸ್ತೆಯಾಚೆ ಎಸೆದು, ಎಡಗಡೆಯ ಕಲ್ಲನ್ನು ಎತ್ತಿ ಚರಂಡಿಗೆ ಹಾಕಿದ. ಬಲಗಡೆಯದನ್ನು ಚಕ್ರದಿಂದ ದೂರ ಎಳೆದಿಟ್ಟ.

"ಇದನ್ನ ಉರುಳಿಸ್ಕೊಂಡು ಹೋಗಿ ಚರಂಡಿಗೆ ಹಾಕ್ಬಿಡು ಪುಟ್ಟಿ. ನಾನು ಜಾಕಿ ಎತ್ತಿಡ್ತೀನಿ."

ಹರ್ಷಿತ ಬಗ್ಗಿದಳು. ಕಲ್ಲು ಭಾರ, ಮೇಲೆಲ್ಲ ಕೆಸರು. ಇಸ್ತ್ರಿ ಮಾಡಿದ ಟೀ ಶರ್ಟು ನೆನಪಾಯಿತು. ಕಾಲಲ್ಲೇ ಒಂದು ಸಲ ತಳ್ಳಿದಳು. ಅದು ಒಂದು ಸುತ್ತು ಉರುಳಿ ರಸ್ತೆ ನಡುವೆಯೇ ಕೂತಿತು.

"ಹಾಕಿದ್ಯಾ?"

"ಹೂಂ, ಹೂಂ! ನಡಿ ಅಪ್ಪಾ!"

ಲಾರಿ ಹೊರಟಿತು. ತಿರುವಿನ ಆಚೆ ಎದುರಿಗೆ ಒಂದು ಸ್ಕೂಟರ್ ಬಂತು. ಓಡಿಸುತ್ತಿದ್ದ ಹೆಂಗಸಿನ ಮುಂದೆ ಒಬ್ಬ ಪುಟ್ಟ ಹುಡುಗ ನಿಂತಿದ್ದ. ಲಾರಿ ನೋಡಿ ಟಾಟಾ ಮಾಡಿದ. ಹರ್ಷಿತಳೂ ಕೈ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು.

ಆ ಸ್ಕೂಟರ್ ಅದೇ ರಸ್ತೆಯಲ್ಲಿ ಹೋಗುತ್ತಿತ್ತು.

ಬೆಳಕಿದೆಯಲ್ಲ, ಕಲ್ಲು ಕಾಣುತ್ತದೆ ಎಂದುಕೊಂಡಳು. ಆದರೆ ತಿರುವಿದೆ. ಹೇಳಿದರೆ ವಾಪಸ್ ಹೋಗಬೇಕು. ಸೆಲೆಕ್ಷನ್? ಸರ್ ಹೆಸರು ಕರೆದುಬಿಟ್ಟರೆ?

"ಅಪ್ಪಾ, ನಿಲ್ಸು. ಕಲ್ಲು ಅಲ್ಲೇ ಇದೆ. ನಾನು ಹಾಕ್ಲಿಲ್ಲ."

ಅಪ್ಪ ಅವಳ ಮುಖ ನೋಡಿದ. ಬೈಯಲಿಲ್ಲ. ಲಾರಿಯನ್ನು ಪಕ್ಕಕ್ಕೆ ನಿಲ್ಲಿಸಿ ಇಳಿದು ಓಡಿದ. ಹರ್ಷಿತ ಅವನಿಗಿಂತ ಮುಂದೆ ಓಡಿದಳು. ಖೋ-ಖೋದಲ್ಲೂ ಅವಳು ಎಂದೂ ಹಾಗೆ ಓಡಿರಲಿಲ್ಲ.

ತಿರುವಿನ ಹತ್ತಿರ ಸ್ಕೂಟರ್ ಮಣ್ಣಿಗೆ ಮಗುಚಿಕೊಂಡಿತ್ತು. ಹುಡುಗ ಮೊಣಕೈ ಹಿಡಿದುಕೊಂಡು ಜೋರಾಗಿ ಅಳುತ್ತಿದ್ದ. ಅವನ ಅಮ್ಮ ಸೆರಗಿನಿಂದ ಅವನ ಕೈ ಒರೆಸುತ್ತಿದ್ದಳು. ತರಚಿದ ಗಾಯ, ಅಷ್ಟೇ. ಕಲ್ಲು ಮಾತ್ರ ರಸ್ತೆ ನಡುವೆ ಆರಾಮವಾಗಿ ಕೂತಿತ್ತು.

"ಯಾವನ್ರೀ ಅವ್ನು ಲಾರಿಯವ್ನು?" ಎಂದು ಆ ಹೆಂಗಸು ಕೂಗಿದಳು. "ತನ್ನ ಕೆಲ್ಸ ಆದ್ರೆ ಸಾಕು, ಕಲ್ಲು ಇಲ್ಲೇ ಬಿಟ್ಟು ಹೋಗೋದಾ? ಕಡೇ ಗಳಿಗೇಲಿ ಕಾಣಿಸ್ತು. ಮಗು ತಲೆಗೆ ಪೆಟ್ಟು ಬಿದ್ದಿದ್ರೆ?"

"ನಾನೇ ಕಣಮ್ಮ" ಎಂದ ಅಪ್ಪ. "ತಪ್ಪಾಯ್ತು."

ಹರ್ಷಿತಳಿಗೆ ತಲೆ ಎತ್ತಲಾಗಲಿಲ್ಲ. ಅಪ್ಪ ತಪ್ಪೇ ಮಾಡಿರಲಿಲ್ಲ.

"ಅಪ್ಪ ಅಲ್ಲ ಆಂಟಿ, ನಾನು. ಸೈಡಿಗೆ ಹಾಕು ಅಂತ ಅಪ್ಪ ಹೇಳಿದ್ರು. ನಾನೇ ಹಾಕ್ಲಿಲ್ಲ."

ಹೆಂಗಸು ಅವಳನ್ನೊಮ್ಮೆ ನೋಡಿ, ಅಪ್ಪನ ಕಡೆ ತಿರುಗಿ, "ಮಕ್ಕಳ ಕೈಲಿ ಮಾಡಿಸೋ ಕೆಲ್ಸನಾ ಇದು?" ಎಂದಳು. ಅಪ್ಪ ಅದಕ್ಕೂ ಹೂಂಗುಟ್ಟಿ ಸ್ಕೂಟರ್ ಎತ್ತಿ ನಿಲ್ಲಿಸಿದ.

ಹರ್ಷಿತ ಕಲ್ಲನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡು ಎತ್ತಿದಳು. ಅಪ್ಪನ ಲಾರಿ ಹಿಡಿದು ನಿಲ್ಲಿಸಿದ್ದೂ ಇದೇ ಕಲ್ಲು, ಈ ಹುಡುಗನನ್ನು ಬೀಳಿಸಿದ್ದೂ ಇದೇ ಕಲ್ಲು. ಚರಂಡಿಗೆ ಹಾಕಿ ಬಂದಾಗ ಟೀ ಶರ್ಟಿನ ತುಂಬ ಕೆಸರು. ಹುಡುಗ ಅಳು ನಿಲ್ಲಿಸಿ ಅವಳ ಟೀ ಶರ್ಟನ್ನೇ ನೋಡುತ್ತಿದ್ದ.

ಲಾರಿ ಮತ್ತೆ ಹೊರಟಿತು. ದೇವನಹಳ್ಳಿ ಹತ್ತಿರವಾಗುತ್ತಿದ್ದಾಗ ಅಪ್ಪನ ಫೋನಿಗೆ ಹರ್ಷಿತಳ ಗೆಳತಿ ಅರ್ಪಿತ ಫೋನ್ ಮಾಡಿದಳು.

"ಎಲ್ಲಿದ್ದೀಯೇ? ನಮ್ಮ ಸ್ಕೂಲ್ ಹೆಸ್ರು ಈಗ ಕರೀತಾರೆ! ಬೇಗ ಬಾರೇ!"

"ಬಂದ್ವಿ, ಬಂದ್ವಿ!" ಎನ್ನುತ್ತಾ ಹರ್ಷಿತ ಸೀಟಿನ ತುದಿಗೆ ಬಂದು ಕೂತಳು. ಅಪ್ಪ ಗೇರ್ ಬದಲಿಸಿದ.

ಅಷ್ಟರಲ್ಲಿ ಮುಂದೆ ರಸ್ತೆಯ ಮೇಲೆ ಏನೋ ಕಂಡಿತು. ಒಣಗಿದ ಕೊಂಬೆ, ಪಕ್ಕದಲ್ಲಿ ಎರಡು ಕಲ್ಲು. ಯಾವ ಲಾರಿಯವರೋ ಟೈರು ಬದಲಿಸಿ ಬಿಟ್ಟುಹೋದದ್ದು. ಅಪ್ಪ ಸ್ಟೇರಿಂಗ್ ತಿರುಗಿಸಿ ಪಕ್ಕಕ್ಕೆ ತಪ್ಪಿಸಿಕೊಂಡ.

"ಅಪ್ಪಾ, ನಿಲ್ಸು."

"ಅದು ನಮ್ಮದಲ್ಲ ಕಣೇ. ನಿನಗೆ ಲೇಟಾಗುತ್ತೆ."

"ಗೊತ್ತಪ್ಪ. ನಿಲ್ಸು."

ಅಪ್ಪ ಲಾರಿಯನ್ನು ಪಕ್ಕಕ್ಕೆ ಹಾಕಿ, ಎಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದ. "ನೀನು ಚಿಕ್ಕದು ತಗೋ. ದೊಡ್ಡದು ನಂಗಿರಲಿ" ಎಂದು ಅವಳ ಜೊತೆಯಲ್ಲೇ ಇಳಿದ.