ಚರಗದ ದಿನದ ಬುತ್ತಿ

"ಗಂಡ ಸತ್ತಾನ, ಅವನ್ನ ಯಾರೂ ತಿರುಗಿ ಕೊಡಾಂಗಿಲ್ಲ. ಆದ್ರ ಕುಡದು ಬಿದ್ದು ಸತ್ತಾನ ಅಂತ ಬರದಾರಲ್ರಿ ಅಕ್ಕಾ, ಅದನ್ನ ಹೆಂಗ ತಡಕೊಳ್ಲಿ?"

ಎಳ್ಳಮಾವಾಸ್ಯೆ ಕಳೆದು ಎರಡು ದಿನಕ್ಕೆ ಆಳಂದದ ಸುಭದ್ರಾಬಾಯಿಯವರ ಪಡಸಾಲೆಯಲ್ಲಿ ಕೂತು ಇರಮ ಹೀಗೆ ಕೇಳಿದಾಗ, ಬಾಗಿಲಲ್ಲಿ ನಿಂತಿದ್ದ ದಶರಥ ಸಿಟ್ಟಿನಿಂದ ಚೌಕಟ್ಟು ಗುದ್ದಿದ. ಜೇವರ್ಗಿ ಕೋರ್ಟಿನಲ್ಲಿ ಸುಭದ್ರಾಬಾಯಿ ಶಿರಸ್ತೇದಾರರಾಗಿದ್ದಾಗ ಅವನು ಅಲ್ಲೇ ಜವಾನ. ನಿವೃತ್ತಿಯ ಮೇಲೆ ಬಾಯಿಯವರು ಸುತ್ತಲಿನ ಊರುಗಳ ಸಿಕ್ಕು ಬಿಡಿಸುತ್ತಿದ್ದರು, ದಶರಥ ಅವರನ್ನು ತನ್ನ ಆಟೋದಲ್ಲಿ ಕರೆದೊಯ್ಯುತ್ತಿದ್ದ. ಸಿಟ್ಟು ಅವನ ಪಾಲು, ಬುದ್ಧಿ ಅವರ ಪಾಲು.

ಇರಮಳ ಗಂಡ ಅಜರುದ್ದೀನ ಅಫಜಲಪುರದ 'ತೀರವಾರ್ತೆ' ವಾರಪತ್ರಿಕೆಯ ವರದಿಗಾರ. ಭೀಮಾ ನದಿಯ ಮರಳನ್ನು ದೋಚುವವರ ಬಗ್ಗೆ ಮೂರು ಕಂತು ಬರೆದಿದ್ದ. ಸೋಮವಾರ, ಎಳ್ಳಮಾವಾಸ್ಯೆಯ ಸಂಜೆ, ಕರಜಗಿಯ ಕಬ್ಬಿನ ಹೊಲಗಳ ನಡುವಿನ ಕಾಲುವೆಯಲ್ಲಿ ಬೈಕಿನ ಕೆಳಗೆ ಅವನ ಹೆಣ ಸಿಕ್ಕಿತು. ತಲೆ ಒಡೆದಿತ್ತು, ಅಂಗಿ ಸೆರೆ ನಾರುತ್ತಿತ್ತು, ಫೋನು ಇರಲಿಲ್ಲ. ಪತ್ರಿಕೆಯ ಮಾಲಕನೂ ಸಂಪಾದಕನೂ ಆದ ಶಿವರಾಯನ ಹೊಲಕ್ಕೆ ಹೋಗಿ ಬೆಳಿಗ್ಗೆ ಹನ್ನೊಂದಕ್ಕೆ ಹೊರಟವನು ದಾರಿಯಲ್ಲಿ ಬಿದ್ದ ಎಂದು ಬರೆದು, ಬೇರೆ ಯಾರನ್ನೂ ಕೇಳದೆ ಪೊಲೀಸರು ಕೈತೊಳೆದುಕೊಂಡಿದ್ದರು.

"ಹನ್ನೊಂದು ಅಂತ ಹೇಳಿದವರ‍್ಯಾರು?" ಸುಭದ್ರಾಬಾಯಿ ಕೇಳಿದರು.

"ಶಿವರಾಯ ಸಾಹುಕಾರ್ರು. ಮೂರರ ತನಕ ನಾ ಮನಿಮಂದಿ, ಬೀಗರ ಜೋಡಿ ಹೊಲದಾಗ ಇದ್ದೆ ಅಂತ ಹೇಳ್ಯಾರ."

ಠಾಣೆಯಿಂದ ಬೈಕು ಬಿಡಿಸಿಕೊಂಡು ಬಂದಾಗ ಅದರ ಪೆಟ್ಟಿಗೆಯಲ್ಲಿ ಸಿಕ್ಕ, ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದ ಗಂಟೊಂದನ್ನು ಇರಮ ಮುಂದಿಟ್ಟಳು. ಪೊಲೀಸರು ಪೆಟ್ಟಿಗೆ ತೆರೆದೇ ನೋಡಿರಲಿಲ್ಲ. ಸುಭದ್ರಾಬಾಯಿ ಗಂಟು ಬಿಚ್ಚಿದರು. ಒಂದು ಡಬ್ಬಿಯಲ್ಲಿ ಕಾಳು-ಸೊಪ್ಪಿನ ಭಜ್ಜಿ, ನಾಲ್ಕು ಕಡಬು, ಎರಡು ಸಜ್ಜೆ ರೊಟ್ಟಿ. ರೊಟ್ಟಿ ಸುತ್ತಿದ್ದು ಅಚ್ಚಿನ ಮಸಿ ಹರಡಿ ಕೆಟ್ಟ 'ತೀರವಾರ್ತೆ'ಯ ಮುಖಪುಟದಲ್ಲಿ. ಪುಟದ ತುಂಬ ಸಂಕ್ರಾಂತಿ ಶುಭಾಶಯದ ಜಾಹೀರಾತು. ಬಾಯಿಯವರು ಮೇಲಿನ ತಾರೀಕು ಎರಡು ಸಲ ಓದಿ, ಹಾಳೆಯನ್ನು ಮಡಚಿ ಚೀಲಕ್ಕಿಟ್ಟರು.

"ಇದು ನೀ ಕಟ್ಟಿದ್ದೇನವ್ವಾ?"

"ಅಲ್ರಿ. ಎಳ್ಳ ಅಮಾಸಿಗೆ ಪ್ರತಿ ವರ್ಷ ಯಾರದರೆ ಹೊಲಕ್ಕ ಕರೀತಾರ, ಇವರು ಮಕ್ಕಳಿಗೆ ಭಜ್ಜಿ ತರ್ತಿದ್ರು."

ಮಧ್ಯಾಹ್ನ ಆಟೋ ಕರಜಗಿ ಮುಟ್ಟಿತು. ಶಿವರಾಯ ಹೊಲದಲ್ಲೇ ಇದ್ದ. ಅರವತ್ತರ ಆಸುಪಾಸು, ಬಿಳಿ ಅಂಗಿ, ಕೈ ಮುಗಿಯುವುದರಲ್ಲಿ ಎತ್ತಿದ ಕೈ.

"ನನ್ನ ಬಲಗೈ ಹೋದಂಗಾತು ಬಾಯಿಯವರೆ. ಅವನ ನಾಕನೇ ಕಂತು ಈ ವಾರ ಮುಖಪುಟದಾಗ ಬರೂದಿತ್ತು. ನಾನೇ ಜಾಗ ಬಿಡಿಸಿದ್ದೆ. ಅವತ್ತು ಬಂದಾಂವ ನೀರು ಸೈತ ಕುಡೀಲಿಲ್ಲ, ಅವಸರದಾಗ ಹ್ವಾದ."

ಆಗ ಅವನ ಫೋನು ರಿಂಗಾಯಿತು. ಅವನು ಅತ್ತ ಸರಿದದ್ದೇ, ಬನ್ನಿಗಿಡದ ನೆರಳಲ್ಲಿ ಕಾಳು ಬಿಡಿಸುತ್ತಿದ್ದ ಅವನ ತಾಯಿ ಬಾಳಮ್ಮನ ಹತ್ತಿರ ಸುಭದ್ರಾಬಾಯಿ ಕುಕ್ಕರಗಾಲಲ್ಲಿ ಕೂತರು.

"ಭೂತಾಯಿಗೆ ಚರಗ ಎಷ್ಟೊತ್ತಿಗೆ ಚೆಲ್ಲಿದ್ರಿ ಯವ್ವಾ?"

"ಹೊತ್ತಾಗಿತ್ತವ್ವಾ. ಸರಸಂಬಾದ ಬೀಗರು ಬರೂದ್ರಾಗ ಎರಡು ಬಡೀತು."

"ಅಲ್ಲೀತನಕ ಯಾರಿಗೂ ಊಟಿಲ್ಲೇನು?"

"ಭೂತಾಯಿ ಉಣ್ಣೂದಕ್ಕಿಂತ ಮೊದಲ ಯಾರಿಗೆ ನೀಡ್ಲಿ? ಅಳೂ ಕೂಸಿಗೂ ಒಂದು ಕಡಬು ಕೊಡಲಿಲ್ಲ."

ಸುಭದ್ರಾಬಾಯಿ ಇನ್ನೇನೂ ಕೇಳದೆ ಎದ್ದರು. ದಶರಥನಿಗೆ ತಡೆಯಲಾಗಲಿಲ್ಲ. "ಅಕ್ಕೋರ, ಅಜರುದ್ದೀನ ಬಂದಿದ್ನೋ ಇಲ್ಲೋ ಕೇಳಬಾರ್ದೇನ್ರಿ?"

"ಇಲ್ಲಿ ಕೇಳಿದ್ರ ನಾವಿಬ್ಬರೇ ಕೇಳಸ್ಕೋತೇವಿ. ನಾಳೆ ಊರೇ ಕೇಳ್ಲಿ."

ಮರುದಿನ ಗುರುವಾರ ಪತ್ರಿಕೆಯ ಕಚೇರಿಯಲ್ಲೇ ಶ್ರದ್ಧಾಂಜಲಿ ಸಭೆ. ಗೋಡೆಗೆ ಅಜರುದ್ದೀನನ ಫೋಟೋ, ಅದಕ್ಕೆ ಶಿವರಾಯನೇ ತಂದ ದಪ್ಪ ಹಾರ. ಸಾವಿನ ವರದಿ ಬರೆದ ಪಿಎಸ್‌ಐ ಸಂಜುಕುಮಾರ ಮುಂದಿನ ಕುರ್ಚಿಯಲ್ಲಿದ್ದ. ಶಿವರಾಯ ಸತ್ಯದ ಬಗ್ಗೆ, ಲೇಖನಿಯ ಬಗ್ಗೆ ಹತ್ತು ನಿಮಿಷ ಮಾತಾಡಿದ. ದಶರಥ ಹಲ್ಲು ಕಚ್ಚಿ ಕೂತ. ದೂರದ ದೇಶದಲ್ಲಿ ಬಾಂಬಿಗೆ ಸಿಕ್ಕಿ ಪತ್ರಕರ್ತ ಸತ್ತರೆ ಇದೇ ಜನ ಪೇಪರು ಓದಿ ಅಯ್ಯೋ ಪಾಪ ಅನ್ನುತ್ತಾರೆ. ಕರಜಗಿಯ ಕಾಲುವೆಯಲ್ಲಿ ಸತ್ತರೆ ಕುಡುಕ ಅನ್ನುತ್ತಾರೆ. ಥೂ ಅನ್ನಿಸಿತು ಅವನಿಗೆ.

ಸುಭದ್ರಾಬಾಯಿ ಎದ್ದು ಗಂಟನ್ನು ಮೇಜಿನ ಮೇಲಿಟ್ಟರು.

"ಯವ್ವಾ ಬಾಳಮ್ಮ, ಈ ಬುತ್ತಿ ಯಾರದು?"

ಹೆಂಗಸರ ನಡುವೆ ಕೂತಿದ್ದ ಮುದುಕಿ ಕಣ್ಣು ಕಿರಿದು ಮಾಡಿ ನೋಡಿದಳು. "ನಂದ. ನನ್ನ ಹಳೇ ಸೀರಿ ಸೆರಗದು. ಅಜರಣ್ಣಗ ನಾನೇ ಕಟ್ಟಿದ್ದೆ. ಊಟ ಮುಗಿಸಿ ಗಂಡಸ್ರು ಕೈ ತೊಳ್ಯಾಕ ಹೋದಾಗ ಅವನ ಗಾಡಿ ಡಬ್ಬ್ಯಾಗ ಇಟ್ಟು ಬಂದೆ. ಅಮಾಸಿ ಹೊಲದಿಂದ ಬರೀಗೈಲೆ ಕಳಸ್ತಾರೇನು?"

ಸಂಜುಕುಮಾರ ಗಂಟಿನ ಕಡೆ ಬಾಗಿ ನೋಡಿದ.

"ಚರಗ ಚೆಲ್ಲಿದ್ದು ಎರಡಕ್ಕ," ಸುಭದ್ರಾಬಾಯಿ ಪಿಎಸ್‌ಐ ಕಡೆ ತಿರುಗಿದರು. "ಚರಗಕ್ಕಿಂತ ಮೊದಲ ಆ ಹೊಲದಾಗ ಯಾರಿಗೂ ಊಟಿಲ್ಲ, ಬುತ್ತಿಲ್ಲ. ಅಂದಮ್ಯಾಗ ಹನ್ನೊಂದಕ್ಕ ಹೊರಟವನ ಗಾಡಿಯಾಗ ಬುತ್ತಿ ಹೆಂಗ ಬಂತು? ಎರಡರ ಮ್ಯಾಗೂ ಅಜರುದ್ದೀನ ಅಲ್ಲೇ ಇದ್ದ. ಹನ್ನೊಂದು ಅಂದದ್ದು ಗಡಿಯಾರ ಅಲ್ಲ, ಸಾಹುಕಾರ್ರು. ಯಾಕಂದ್ರ ಮೂರರ ತನಕ ಅವರಿಗೆ ಮನಿಮಂದಿ, ಬೀಗರ ಸಾಕ್ಷಿ ಅದ, ಮೂರರ ಮ್ಯಾಗ ಇಲ್ಲ."

"ವಯಸ್ಸಾಗ್ಯದ ಅವ್ವಗ," ಶಿವರಾಯ ನಡುವೆ ಬಾಯಿ ಹಾಕಿದ. "ಬುತ್ತಿ ಯಾವ ಹೊಲದಿಂದರೆ ಬಂದಿರಬಹುದು."

"ಬುತ್ತಿ ಬರಬಹುದು, ಇದು ಬರಾಂಗಿಲ್ಲ." ಬಾಯಿಯವರು ಮಸಿ ಹತ್ತಿದ ಹಾಳೆ ಬಿಡಿಸಿದರು. "ಈ ವಾರದ ಪತ್ರಿಕಿ ಇದು, ಮ್ಯಾಗ ಇವತ್ತಿನ ತಾರೀಕು ಅದ. ಸೋಮವಾರನೇ ರೊಟ್ಟಿ ಸುತ್ತೇದ. ಅಚ್ಚು ಕೆಟ್ಟ ಹಾಳಿ ಪ್ರೆಸ್‌ನಿಂದ ಯಾರ ಮನಿಗೆ ಹೋಗ್ತಾವು? ಮಾಲಕರ ಮನಿಗೆ. ಮತ್ತ ಮುಖಪುಟ ನೋಡ್ರಿ. ನಾಕನೇ ಕಂತಿಗೆ ಜಾಗ ಬಿಡಿಸಿದ್ದೆ ಅಂದ್ರಲ್ಲ, ಇಲ್ಲಿ ಬರೇ ಜಾಹೀರಾತು. ಅಜರುದ್ದೀನ ಸಾಯೂದಕ್ಕಿಂತ ಮೊದಲ ಅವನ ವರದಿ ಸತ್ತಿತ್ತು."

ಪತ್ರಿಕೆಯ ಅಕ್ಷರ ಜೋಡಿಸುವ ಶಾಂಭವಿ ಹಿಂದಿನ ಸಾಲಿನಿಂದ ಎದ್ದಳು. "ಶನಿವಾರ ಅಜರಣ್ಣ ನಾಕನೇ ಕಂತು ನನಗ ಕಳಿಸಿದ್ರು. ಮರಳು ಎತ್ತೂ ಬೋಟು ನಮ್ಮ ಸಾಹುಕಾರ್ರದು ಅಂತ ಅದರಾಗ ಅದ. ತೆಗದುಬಿಡು ಅಂತ ಸಾಹುಕಾರ್ರು ಹೇಳಿದ್ರು. ಅಜರಣ್ಣಗ ತಿಳಿಸಿದೆ. ಅವರು, ಸಾಹುಕಾರ್ರದೂ ಒಂದು ಮಾತು ಕೇಳಿ ಬರೀಬೇಕು, ಅದು ನ್ಯಾಯ, ಸೋಮವಾರ ಹೊಲಕ್ಕ ಹೋಗಿ ಕೇಳ್ತೇನಿ, ಇಲ್ಲಿ ಹಾಕದಿದ್ರ ಕಲಬುರಗಿ ಪೇಪರಿಗೆ ಕೊಡ್ತೇನಿ ಅಂದ್ರು."

ಯಾರ ಮೇಲೆ ಬರೆದನೋ ಅವನಿಗೂ ನ್ಯಾಯ ಮಾಡಲು ಹೋಗಿ ಸತ್ತ. ದಶರಥನ ಕಣ್ಣು ತುಂಬಿ ಬಂತು, ಅದು ಸಿಟ್ಟಿನಿಂದಲೇ.

"ಅವ್ವಾ, ಮೂರಕ್ಕ ಅಜರುದ್ದೀನನ ಜೋಡಿ ಯಾರು ಹೋದ್ರು?" ಸುಭದ್ರಾಬಾಯಿ ಮೆಲ್ಲಗೆ ಕೇಳಿದರು.

ಬಾಳಮ್ಮ ಮಗನ ಮುಖ ನೋಡಿದಳು. "ಇವನೇ. ರಸ್ತಾಕ್ಕ ಬಿಟ್ಟು ಬರ್ತೇನಿ ಅಂತ ಹೋದ. ಐದಕ್ಕ ಬಂದಾಂವ ಪಂಪಿನ ಖೋಲಿಗೆ ಕೀಲಿ ಹಾಕ್ದ. ಇವತ್ತಿಗೂ ತಗದಿಲ್ಲ. ನನ್ನ ಯಾರರೆ ಕೇಳಿದ್ರ ಅವತ್ತೇ ಹೇಳ್ತಿದ್ದೆ."

"ಅಜರುದ್ದೀನನ ಅಂಗಿ ಕುಡದಿತ್ತು ಸಂಜುಕುಮಾರ, ಮನುಷ್ಯ ಕುಡದಿರಲಿಲ್ಲ," ಎಂದರು ಸುಭದ್ರಾಬಾಯಿ. "ನೀವು ಅಂಗಿ ಮೂಸಿ ನೋಡಿ ಬರದ್ರಿ."

ಸಂಜುಕುಮಾರ ತಲೆ ತಗ್ಗಿಸಿ, ಕೀಲಿಗಾಗಿ ಶಿವರಾಯನ ಮುಂದೆ ಕೈ ಚಾಚಿದ. ಒಂದೂವರೆ ತಾಸಿನಲ್ಲಿ ಪಂಪಿನ ಖೋಲಿಯಿಂದ ಫೋನು, ಅರ್ಧ ಖಾಲಿಯಾದ ಸೆರೆ ಬಾಟಲಿ, ರಕ್ತ ಹತ್ತಿದ ಸಲಾಕೆ ಬಂದವು. ಶಿವರಾಯ ಮತ್ತೆ ಸತ್ಯದ ಬಗ್ಗೆ ಮಾತಾಡಲಿಲ್ಲ. ಜೀಪು ಹತ್ತುವಾಗ ತಾಯಿಯನ್ನೂ ನೋಡಲಿಲ್ಲ.

"ಕುಡದಿದ್ದ ಅಂತ ಬರದದ್ದು ತಪ್ಪಂತ ನಿಮ್ಮ ಕೈಲೆ ಬರದು ಕೊಡ್ರಿ," ಇರಮ ಸಂಜುಕುಮಾರನಿಗೆ ಹೇಳಿದಳು. ಅವನು ಅಲ್ಲೇ ಕೂತು ಬರೆದು ಸಹಿ ಹಾಕಿದ.

ಪತ್ರಿಕೆಯನ್ನು ಹೊಸದಾಗಿ ಅಚ್ಚು ಹಾಕಲು ಶಾಂಭವಿ ಕಂಪ್ಯೂಟರಿನಲ್ಲಿ ಜಾಹೀರಾತು ಕಿತ್ತು ನಾಲ್ಕನೆಯ ಕಂತನ್ನು ಮುಖಪುಟಕ್ಕೆ ತಂದಳು. ಕೊನೆಯಲ್ಲಿ ಬೆರಳು ನಿಂತಿತು. 'ಬೋಟಿನ ಮಾಲಕರ ಹೇಳಿಕೆ' ಎಂದು ಬರೆದು ಅಜರುದ್ದೀನ ಒಂದು ಸಾಲು ಖಾಲಿ ಬಿಟ್ಟಿದ್ದ.

"ಇಲ್ಲೇನು ಹಾಕ್ಲಿ ಅಕ್ಕಾ?"

ಇರಮ ಪರದೆಯ ಮೇಲಿನ ಗಂಡನ ಹೆಸರನ್ನು ನೋಡುತ್ತ ನಿಂತಳು.

"ಹೇಳಿಕೆ ಕೇಳಾಕ ಹೋದ ವರದಿಗಾರನ್ನ ಮಾಲಕರು ಕೊಂದ್ರು ಅಂತ ಬರಿ," ಎಂದಳು.