ಒಂದು ತಿಂಗಳು ಮುನಿಲಕ್ಷ್ಮಿ ಕೈ ಊಟ

ಮಾದೇಶ್ ಹೇಳಿದ್ದು ಮೂರು ಪರೋಟ. ಎದುರಿಗೆ ಬಂದದ್ದು ಒಂದು ರಾಗಿ ಮುದ್ದೆ, ಹುರುಳಿ ಸಾರು, ಬಟ್ಟಲು ತುಂಬ ನುಗ್ಗೆಸೊಪ್ಪಿನ ಪಲ್ಯ.

“ಏನಮ್ಮಾ ಇದು? ನಾನ್ ಕೇಳಿದ್ದು ಪರೋಟ.”

“ಡಾಕ್ಟ್ರ ಚೀಟಿ ಟೇಬಲ್ ಮ್ಯಾಲಿಟ್ಟು ಕೈ ತೊಳೆಯಾಕೆ ಎದ್ದೋದ್ರಲ್ಲ, ಓದ್ಬಿಟ್ಟೆ ಅಣ್ಣಾ,” ಅಂದಳು ಬಡಿಸಿದ ಮುನಿಲಕ್ಷ್ಮಿ. “ಶುಗರ್ ಇನ್ನೂರೆಂಬತ್ತು. ಮಾತ್ರೆ ಜತೆಗೆ ಒಂದು ತಿಂಗ್ಳು ಮೈದಾ ಬ್ಯಾಡ, ಸಕ್ಕರೆ ಬ್ಯಾಡ ಅಂತ ಬರ್ದವ್ರೆ. ಗೊತ್ತಿದ್ದೂ ಪರೋಟ ಆಕಿದ್ರೆ ಪಾಪ ನಂಗೆ.”

ಅವನಿಗೆ ಸಿಟ್ಟು ಬಂತು. ಎದ್ದು ಹೋಗಬೇಕು ಅಂದುಕೊಂಡ. ಅಷ್ಟರಲ್ಲಿ ಸಾರಿನ ಬೆಳ್ಳುಳ್ಳಿ ಒಗ್ಗರಣೆ ಮೂಗಿಗೆ ಬಡಿಯಿತು. ಕೂತೇ ಉಂಡ.

ಅವನು ಸೇಲಂ ಹತ್ತಿರದ ಶಂಕಗಿರಿಯ ಲಾರಿ ಡ್ರೈವರ್. ಮೂವತ್ತಾರು ವಯಸ್ಸು, ಅದರಲ್ಲಿ ಹದಿನಾಲ್ಕು ವರ್ಷ ನಾಗಪುರ, ದಿಲ್ಲಿ ಅಂತ ನಾರ್ತ್ ಲೈನಿನಲ್ಲೇ ಕಳೆದಿದ್ದವು. ಶುಗರ್ ಇಳಿಯುವ ತನಕ ಉದ್ದದ ಟ್ರಿಪ್ ಇಲ್ಲ ಅಂದಿದ್ದ ಓನರ್, ಸೇಲಂನಿಂದ ಧರ್ಮಪುರಿಗೆ ಸಬ್ಬಕ್ಕಿ ಮೂಟೆ ಸಾಗಿಸೋಕೆ ಹಾಕಿದ್ದ. ಹಾಗಾಗಿ ದಿನಾ ಮಧ್ಯಾಹ್ನ ನಲ್ಲಂಪಳ್ಳಿ ದಾಟಬೇಕು. ರಸ್ತೆ ಪಕ್ಕದಲ್ಲೇ ಮುನಿಲಕ್ಷ್ಮಿಯ ಹೋಟೆಲ್. ಪರೋಟ ಕಲ್ಲಿನ ಮುಂದೆ ಅವಳ ಅವ್ವ ಗುಂಡಮ್ಮ, ಒಳಗೆ ಒಲೆ ಮುಂದೆ ಇವಳು.

ಮಾರನೇ ದಿನ ಸಾಮೆ ಅನ್ನ, ಬಾಳೆದಿಂಡಿನ ಪಲ್ಯ. ಅದರ ಮಾರನೇ ದಿನ ಸಜ್ಜೆ ರೊಟ್ಟಿ, ಅವರೆಕಾಳು.

“ಟೀಗೆ ಒಂದು ಚಮಚ ಸಕ್ಕರೆ?” ಅಂತ ಅವನು ಕೇಳಿದರೆ ಅವಳು ಹುಬ್ಬು ಏರಿಸಿ ಸುಮ್ಮನೆ ನೋಡುವಳು. ಅವನು ಸಪ್ಪೆ ಟೀ ಕುಡಿಯುವನು. ಆ ನೋಟಕ್ಕಾಗಿಯೇ ದಿನಾ ಕೇಳುತ್ತಿದ್ದೇನೆ ಅನ್ನುವುದು ಅವನಿಗೆ ಗೊತ್ತಾಗುವ ಹೊತ್ತಿಗೆ ಹತ್ತು ದಿನ ಕಳೆದಿತ್ತು. ಅವಳು ‘ಅಣ್ಣಾ’ ಅನ್ನುವುದನ್ನು ಬಿಟ್ಟಿದ್ದಾಳೆ ಅಂತಲೂ ಆಗಲೇ ಗಮನಕ್ಕೆ ಬಂದದ್ದು. ಉಳಿದ ಡ್ರೈವರ್‌ಗಳೆಲ್ಲ ಇನ್ನೂ ಅಣ್ಣಂದಿರೇ.

ಹತ್ತೊಂಬತ್ತನೇ ದಿನ ಅವನು ಕುಂಟುತ್ತ ಬಂದ.

“ಕಾಲ್ಗೆ ಏನಾಯ್ತು?”

“ಏನಿಲ್ಲ, ಚಪ್ಪಲಿ ಕಚ್ಚೈತೆ.”

“ತೋರ್ಸು.”

ಅವಳು ನೆಲದ ಮೇಲೆ ಕೂತು ಗಾಯ ನೋಡಿದಳು. ಆಮೇಲೆ ಅವಳ ಕಣ್ಣು ಅವನ ಅಂಗಿಯ ಮೇಲಿನ ಕೆಂಪು ಕಲೆಗೆ ಹೋಯಿತು.

“ಪರೋಟಕ್ಕಾಕೋ ಸಾಲ್ನಾ ಅಲ್ವಾ ಅದು?”

ಸುಳ್ಳು ಹೇಳೋಕೆ ಅವನಿಗೆ ಬಾಯಿ ಬರಲಿಲ್ಲ. “ನೆನ್ನೆ ಶಂಕಗಿರಿ ಸ್ಟ್ಯಾಂಡಲ್ಲಿ... ಫ್ರೆಂಡ್ಸ್ ಕರೆದ್ರು. ನಾಲ್ಕು ಪರೋಟ ತಿಂದೆ.”

ಬೈತಾಳೆ ಅಂದುಕೊಂಡ. ಅವಳು ಬೈಯಲಿಲ್ಲ. ಬಿಸಿನೀರು ತಂದು ಗಾಯ ತೊಳೆದಳು.

“ನಮ್ಮಪ್ಪ ಮುನುಸ್ವಾಮಿಗೂ ಇಷ್ಟೇ ಗಾಯ ಆಗಿದ್ದು,” ಅಂದಳು ತಲೆ ಎತ್ತದೆ. “ಮೊದ್ಲು ಕಾಲ್ಬೆರ್ಳು ತೆಗೆದ್ರು, ಆಮ್ಯಾಕೆ ಪಾದ, ಆಮ್ಯಾಕೆ ಮೊಣಕಾಲ್ಗಂಟ. ಐದು ವರ್ಷ ನಾನೇ ತೊಳ್ದು ಕಟ್ಟಿದ್ದು. ಗಂಡುಗಳು ಬಂದ್ರೂ ಬ್ಯಾಡ ಅಂದೆ. ಇನ್ನೊಂದ್ಸಲ ನೋಡಾಕೆ ನನ್ ಕೈಲಾಗಲ್ಲ. ಇಷ್ಟ ಇದ್ರೆ ಉಣ್ಣು, ಇಲ್ದಿದ್ರೆ ನಾಳೆಯಿಂದ ಇಲ್ಲಿ ಲಾರಿ ನಿಲ್ಸ್ಬ್ಯಾಡ.”

ಆವತ್ತು ಅವನು ಮುದ್ದೆ ಉಂಡು, ಟೀಗೆ ಸಕ್ಕರೆ ಕೇಳದೆಯೇ ಹೊರಟ.

ಮಾರನೇ ದಿನ ಒಂದು ಗಂಟೆ ಮೊದಲೇ ಬಂದು ನೆಟ್ಟಗೆ ಅಡುಗೆಮನೆಗೆ ನುಗ್ಗಿದ. “ಕಲಿಸು. ನೀನು ಇಲ್ದಿರೋ ಕಡೆನೂ ನಾನು ಸರಿಯಾಗಿ ಉಣ್ಣಬೇಕು.”

ಅವಳು ಮುದ್ದೆ ಕೋಲು ಅವನ ಕೈಗೆ ಕೊಟ್ಟಳು. ಮೊದಲ ದಿನ ಗಂಟು, ಎರಡನೇ ದಿನ ಅಂಬಲಿ. “ಸ್ಟೇರಿಂಗ್ ತಿರುಗ್ಸ್ದಂಗೆ ತಿರುಗ್ಸ್ಬ್ಯಾಡಾ!” ಅಂತ ಅವಳು ನಕ್ಕು, ಅವನ ಕೈ ಮೇಲೆ ಕೈಯಿಟ್ಟು ತಿರುಗಿಸಿ ತೋರಿಸಿದಳು. ಹಿಟ್ಟು ಬೆಂದ ಮೇಲೂ ಒಂದು ಕ್ಷಣ ಕೈ ಅಲ್ಲೇ ಇತ್ತು.

ತಿಂಗಳು ಮುಗಿದಾಗ ಶುಗರ್ ನೂರ ನಲವತ್ತೆಂಟು. ಕಾಲಿನ ಗಾಯವೂ ಮಾಗಿತ್ತು. ರಿಪೋರ್ಟನ್ನು ಎರಡು ಸಲ ಓದಿ ಅವಳು ಮಡಚಿಟ್ಟಳು.

“ಅಪ್ಪಾಡಾ! ಇನ್ನೇನು, ಸೋಮವಾರ ನಾಗಪುರ ಲೋಡು?” ದನಿ ಮಾಮೂಲಿನಂತೇ ಇತ್ತು. ಆದರೆ ಒರೆಸಿದ ಟೇಬಲ್ಲನ್ನೇ ಮತ್ತೆ ಒರೆಸುತ್ತಿದ್ದಳು.

“ಓನರ್ ಕರೆದ್ರು. ಒಲ್ಲೆ ಅಂದೆ. ಧರ್ಮಪುರಿ ಲೋಡೇ ಸಾಕು.”

“ಯಾಕೆ?”

“ಮಧ್ಯಾಹ್ನ ಊಟಕ್ಕೆ ಇಲ್ಲಿರ್ಬೇಕು.”

ಅವಳ ಕೈ ನಿಂತಿತು. ತುಟಿ ಕಚ್ಚಿ ನಗು ತಡೆದು ಕೇಳಿದಳು: “ಮಧ್ಯಾಹ್ನ ಮಾತ್ರನಾ?”

ಹದಿನಾಲ್ಕು ವರ್ಷ ಘಾಟಿ ರಸ್ತೆಗಳಲ್ಲಿ ಹೆದರದವನು ಈಗ ಹೆದರುತ್ತಲೇ ಅಂದ: “ನೀನು ಊಂ ಅಂದ್ರೆ ಮೂರೊತ್ತೂ.”

“ಊಂ,” ಅಂದಳು.

ಪರೋಟ ಕಲ್ಲಿನ ಕಡೆಯಿಂದ ಗುಂಡಮ್ಮ ಕೂಗಿದಳು: “ಲೇ ಡ್ರೈವರಪ್ಪಾ, ನಂಗೇನು ಕಿವಿ ಕೇಳ್ಸಲ್ವಾ? ಶುಕ್ರವಾರ ನಿಮ್ಮವ್ವನ್ನ ಕರ್ಕೊಂಡ್ ಬಾ. ಮಾತಾಡಾನ.”

ಮುನಿಲಕ್ಷ್ಮಿ ಒಳಗೆ ಹೋಗಿ ಎರಡು ತಟ್ಟೆ ತಂದಳು. ಒಂದನ್ನು ಅವನ ಮುಂದಿಟ್ಟು, ಇನ್ನೊಂದನ್ನು ಹಿಡಿದು ಅವನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತಳು.

“ಉಣ್ಣು, ಆರೋಯ್ತದೆ,” ಅಂದಳು.